ಇಂಜಿನ್ ಪೂರಾ ಬಿಚ್ಚಿಸ್ತೀರಿ, ಮ್ಯಾನಿಫೋಲ್ಡ್ ಯಾಕ ಹಂಗೇ ಬಿಡ್ತೀರಿ?



ಹೋದ ಸಲ ಕುಸುಬಿ ಎಣ್ಣಿ ಬಗ್ಗೆ ಬರ್ದಿದ್ದೆ, ಅದರ ಹಿಂದ ಉಪ್ಪಿನಕಾಯಿ ಬಗ್ಗೆ. ಈ ಸಲ ಕಾರಿನ ಇಂಜಿನ್ ಬಗ್ಗೆ ಬರೀಲತ್ತೀನಿ. ನಗಬ್ಯಾಡ್ರಿ. "ನಿನಗ್ಯಾಕ ಮೋಟಾರಿನ ಉಸಾಬರಿ" ಅಂತ ನಮ್ಮ ಮನ್ಯಾಗೂ ಕೇಳ್ಯಾರ. ಮನಿ ರೊಕ್ಕ ಎಲ್ಲಿಗ ಹೋಗ್ತದೋ ಅಲ್ಲಿಗ ಮನಿ ಹೆಣ್ಮಗಳ ಮಾತೂ ಹೋಗ್ಬೇಕು ಅಂತ ನಾ ಹೇಳ್ದೆ. ಸುಮ್ಮನಾದ್ರು.

ಸಂಗತಿ ಏನಂದ್ರ, ನಮ್ಮ ಸಂಬಂಧಿಕರೊಳಗೇ ಎರಡು ಮೂರು ಮನ್ಯಾಗ ಹಳಿ ಅಂಬಾಸಿಡರ್ ಗಾಡಿಗೋಳು ತಾಡಪತ್ರಿ ಹೊಚ್ಕೊಂಡು ನಿಂತಾವ. ಅಜ್ಜಾರ ಕಾಲದವು. ಈಗಿನ ಹುಡುಗುರಿಗ ಅವುಗಳ ಮ್ಯಾಲ ಭಾಳ ಪ್ರೀತಿ ಬಂದದ. ಲಗ್ನದಾಗ ವರನ ಮೆರವಣಿಗಿಗ ಅಂಬಾಸಿಡರ್ ಬೇಕು, ಫೋಟೋಕ್ಕ ಬೇಕು, ಜಾತ್ರಿಗ ಹೋಗ್ಬೇಕಾದ್ರೂ ಅದೇ ಬೇಕು. ಪ್ರೀತಿ ಇರ್ಲಿ, ತಪ್ಪಲ್ಲ. ಆದ್ರ ಆ ಪ್ರೀತಿಗ ರೊಕ್ಕ ಎಲ್ಲಿಂದ ಬರ್ಲತ್ತದ? ಸೋಯಾ ಮಾರಿದ ರೊಕ್ಕ, ತೊಗರಿ ಮಾರಿದ ರೊಕ್ಕ, ಅದು ಸಾಲ್ದಿದ್ರ ಸೊಸಿ ಕೈಯಾಗಿನ ಬಂಗಾರ ಬ್ಯಾಂಕಿಗ. ಹಂಗ ಹೋದ ರೊಕ್ಕ ಒಂದು ಸಣ್ಣ ಸಾಮಾನಿನ ಸಲುವಾಗಿ ನೀರಾಗ ಹೋಗ್ತದಲ್ಲ, ಅದನ್ನ ಕಂಡು ಇದು ಬರೀಬೇಕು ಅನಿಸ್ತು.

ನನ್ನ ಮಾತು ಮೊದಲೇ ಹೇಳ್ಬಿಡ್ತೀನಿ. ಹಳಿ ಗಾಡಿ ಇಂಜಿನ್ ಪೂರಾ ಬಿಚ್ಚಿ ಕಟ್ಟಿಸೋರು ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನೋ ಸಾಮಾನನ್ನೂ ಪರೀಕ್ಷಾ ಮಾಡಿಸ್ಬೇಕು. ಪರೀಕ್ಷಾದಾಗ ಸೋತ್ರ ಬದಲಿ ಮಾಡಿಸ್ಬೇಕು. ಅಷ್ಟಕ್ಕ ರೊಕ್ಕ ಇಲ್ಲಂದ್ರ ಇಂಜಿನ್ ಬಿಚ್ಚಿಸೋದೇ ಬ್ಯಾಡ, ಗಾಡಿ ಹಂಗೇ ನಿಂತಿರ್ಲಿ.

ಮೊದಲು ಇದು ಯಾವ ಸಾಮಾನು ಅಂತ ಹೇಳ್ತೀನಿ. ಬಾನೆಟ್ ಎತ್ತಿದ್ರ ಇಂಜಿನ್ನಿನ ಬಾಜೂಕ ಕಾರ್ಬುರೇಟರ್ ಕುಂತಿರ್ತದ. ಪೆಟ್ರೋಲು, ಗಾಳಿ ಕೂಡೋದು ಅಲ್ಲೇ. ಅಲ್ಲಿ ಕೂಡಿದ್ದನ್ನ ಇಂಜಿನ್ನಿನ ಒಳಗಿನ ಸಿಲಿಂಡರ್‌ಗೋಳಿಗ ಹಂಚೋ ಕವಲು ನಳಿಗೇನೇ ಇನ್‌ಟೇಕ್ ಮ್ಯಾನಿಫೋಲ್ಡ್. ಅದರಾಗ ತಿರುಗೋದು ಏನೂ ಇಲ್ಲ, ಸವಿಯೋದು ಕಾಣೋದಿಲ್ಲ, ಸಪ್ಪಳಾನೂ ಇಲ್ಲ. ಅದಕ್ಕೇ ಅದನ್ನ ಯಾರೂ ಎಣಸೋದಿಲ್ಲ. ಮಿಸ್ತ್ರಿ ಬಿಚ್ತಾನ, ಮೂಲ್ಯಾಗ ಇಡ್ತಾನ, ಎಲ್ಲಾ ಕಟ್ಟಿದ ಮ್ಯಾಲ ಒರಸಿ ಮತ್ತ ಅಲ್ಲೇ ಹಚ್ತಾನ.

ಆದ್ರ ಅದರ ಕೆಲ್ಸ ಎಷ್ಟು ಅಂತ ನೋಡ್ರಿ. ಪೆಟ್ರೋಲ್ ಸರಿಯಾಗಿ ಸುಡ್ಬೇಕಾದ್ರ ಒಂದು ಕಿಲೋ ಪೆಟ್ರೋಲಿಗ ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಾಗ ಹೇಳ್ಬೇಕಂದ್ರ, ಒಂದು ಲೀಟರ್ ಪೆಟ್ರೋಲಿಗ ಹತ್ತಿರ ಹತ್ತಿರ 9000 ಲೀಟರ್ ಗಾಳಿ. ನಾವು ರೊಕ್ಕ ಕೊಡೋದು ಪೆಟ್ರೋಲಿಗ, ಆದ್ರ ಇಂಜಿನ್ ತಿನ್ನೋದು ಹೆಚ್ಚಿಗಿ ಗಾಳೀನೇ. ಆ ಗಾಳಿ ಎಲ್ಲಾ ಕಾರ್ಬುರೇಟರ್ ಬಾಯಿಂದಾನೇ ಬರ್ಬೇಕು, ಅಳತಿ ಆಗಿ ಬರ್ಬೇಕು. ನಡಕ ಎಲ್ಲರೆ ತೂತು ಇದ್ರ ಅಳತಿ ಇಲ್ಲದ ಗಾಳಿ ಒಳಗ ನುಗ್ತದ.

ಇಲ್ಲೊಂದು ಮಾತು ತಿಳ್ಕೋಬೇಕು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಹೋದ್ರ ಉಗಿ ಹೊರಗ ಬರ್ತದ, ಸಪ್ಪಳ ಆಗ್ತದ, ಕಣ್ಣಿಗ ಕಾಣ್ತದ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋದ್ರ ಉಲ್ಟಾ. ಇಂಜಿನ್ ಒಳಗ ಎಳೀತದ, ಹೊರಗ ಏನೂ ಬರೋದಿಲ್ಲ. ಎಣ್ಣಿ ಸೋರೋದಿಲ್ಲ, ಹೊಗಿ ಕಾಣೋದಿಲ್ಲ. ಜರಾ ಸುಂಯ್ ಅಂತ ಸಪ್ಪಳ ಬಂದ್ರ ಬಂತು, ಇಲ್ಲಂದ್ರ ಅದೂ ಇಲ್ಲ. ಹೊರಗ ಸೋರದೇ ಇರೋದ್ರಿಂದ "ಗಾಡಿ ಒಣಗಿದಂಗ ಅದ, ಏನೂ ತೊಂದ್ರಿಲ್ಲ" ಅಂತ ಹೇಳಿ ಕಳಸ್ತಾರ.

ಈಗ ನಮ್ಮ ಸಂಬಂಧಿಕರ ಮನ್ಯಾಗ ಆದದ್ದು ಹೇಳ್ತೀನಿ. ಹೆಸರು ಬ್ಯಾಡ, ಓದಿದೋರಿಗ ಗೊತ್ತಾಗ್ತದ. ಮಾರ್ಕ್ 3 ಅಂಬಾಸಿಡರ್, ಪೆಟ್ರೋಲ್ ಗಾಡಿ. ದೊಡ್ಡ ಊರಾಗಿನ ಒಂದು ಗ್ಯಾರೇಜಿಗ ಒಯ್ದು ಇಂಜಿನ್ ಪೂರಾ ಕಟ್ಟಿಸಿದ್ರು. ಬಿಲ್ ನಾನೇ ಓದೀನಿ. ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್, ಟೈಮಿಂಗ್ ಚೈನ್, ಎಣ್ಣಿ ಪಂಪು, ಬಣ್ಣ, ಕೂಲಿ ಎಲ್ಲಾ ಸೇರಿ ಹದಿನೆಂಟು ಸಾಲು. ಮ್ಯಾನಿಫೋಲ್ಡಿಂದು ಒಂದೂ ಸಾಲಿಲ್ಲ. ಗಾಡಿ ಮನಿಗ ಬಂತು, ಕುಂಕುಮ ಹಚ್ಚಿದ್ರು, ಟೆಂಗಿನಕಾಯಿ ಒಡದ್ರು. ರೋಡಿನ ಮ್ಯಾಲ ಛಲೋ ಓಡ್ತು. ನಿಂತಲ್ಲಿ ಮಾತ್ರ ಕೆಮ್ಮು. ಒಮ್ಮಿ ಜೋರ, ಒಮ್ಮಿ ಸಾವಕಾಶ, ಒಮ್ಮಿ ಬಂದ್. ಭಾಲ್ಕಿ ಬಸ್ ಸ್ಟ್ಯಾಂಡ್ ಮುಂದ ಬಂದ್ ಬಿದ್ದು ನಾಲ್ಕು ಮಂದಿ ದಬ್ಬಿದ್ರು.

ಮತ್ತ ಗ್ಯಾರೇಜಿಗ ಹೋಯ್ತು. ಕಾರ್ಬುರೇಟರ್ ಸ್ಕ್ರೂ ತಿರುವಿ ಪೆಟ್ರೋಲ್ ಹೆಚ್ಚು ಮಾಡಿ ಕಳಸಿದ್ರು. ಕೆಮ್ಮು ಕಡಿಮಿ ಆಯ್ತು, ಪೆಟ್ರೋಲ್ ಖರ್ಚ ಏರ್ತು. ಆರು ತಿಂಗಳಾದ ಮ್ಯಾಲ ಜೋರೇ ಇಲ್ಲ. ಬಿಚ್ಚಿ ನೋಡಿದ್ರ ಮುಂದಿನ ಎರಡು ಸಿಲಿಂಡರಿನೊಳಗ ಒಂದರ ಎಗ್ಜಾಸ್ಟ್ ವಾಲ್ವ್ ಸುಟ್ಟು ಅಂಚು ಹಾರಿತ್ತು. ಹೊಸಾ ವಾಲ್ವದು. ಕಡೀಕ ಬೀದರದಾಗಿನ ಒಬ್ಬ ವಯಸ್ಸಾದ ಮಿಸ್ತ್ರಿ ಮ್ಯಾನಿಫೋಲ್ಡ್ ಬಿಚ್ಚಿ ದಪ್ಪ ಗಾಜಿನ ಮ್ಯಾಲ ಬೋರಲು ಇಟ್ಟು ತೋರ್ಸಿದ. ಒಂದು ಕಡಿ ಒತ್ತಿದ್ರ ಇನ್ನೊಂದು ಕಡಿ ಏಳ್ತಿತ್ತು, ಕಾಲು ಗಿಡ್ಡ ಆದ ಕುರ್ಚಿ ಹಂಗ. ಎಲ್ಲಾ ರೋಗ ಅಲ್ಲೇ ಇತ್ತು. ಅಷ್ಟರಾಗ ಬ್ಯಾಂಕಿನಾಗಿನ ಪಾಟ್ಲಿ ಬಿಡಿಸೋ ರೊಕ್ಕಾನೂ ಅದರಾಗೇ ಹೋಗಿತ್ತು.

ಎರಡು ಸಿಲಿಂಡರಿಗ ಯಾಕ ತೊಂದ್ರಿ ಅಂತ ಕೇಳಿದ್ರ ಅದಕ್ಕೂ ಕಾರಣ ಅದ. ಅಂಬಾಸಿಡರ್ ಅಂದ್ರ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ. ಅದನ್ನೇ ಹಿಂದೂಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾಡಾದಾಗ ಮಾಡಿದ್ರು. 1959ರಿಂದ ಅದಕ್ಕ 1489 ಸಿಸಿ ಇಂಜಿನ್ ಬಂತು, ಬಿ ಸರಣಿ ಅಂತಾರ. ಇಂಗ್ಲೆಂಡಿನಾಗ ಎಂಜಿಎ ಅನ್ನೋ ಎರಡು ಸೀಟಿನ ಗಾಡಿಗ 1955ರಾಗ ಹಾಕಿದ್ದೂ ಈ ಮನೆತನದ 1489 ಸಿಸಿ ಇಂಜಿನ್ನೇ. ಇದರಾಗ ಸಿಲಿಂಡರ್ ನಾಲ್ಕು, ಆದ್ರ ಗಾಳಿ ಒಳಗ ಹೋಗೋ ಬಾಗಿಲು ಎರಡೇ. ಒಂದು ಮತ್ತ ಎರಡನೇದಕ್ಕ ಒಂದು ಬಾಗಿಲು, ಮೂರು ಮತ್ತ ನಾಲ್ಕನೇದಕ್ಕ ಇನ್ನೊಂದು. ಹೊಗಿ ಹೊರಗ ಬರೋ ಬಾಗಿಲು ಮೂರು. ಐದೂ ಬಾಗಿಲು ಒಂದೇ ಬಾಜೂಕ ಅವ. ಅದಕ್ಕ ಒಂದು ಬಾಗಿಲಿನ ಸಂದಿನಾಗ ಗಾಳಿ ನುಗ್ಗಿದ್ರ ಇಬ್ಬರ ಊಟ ಕೆಡ್ತದ.

ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮಿ ಆದ್ರ ಬೆಂಕಿ ಸಾವಕಾಶ ಉರೀತದ, ವಾಲ್ವ್ ತೆರೆಯೋ ಹೊತ್ತಿಗೂ ಇನ್ನಾ ಉರೀತಿರ್ತದ. ವಾಲ್ವಿನ ಅಂಚು ಕಾದು ಕಾದು ಸುಡ್ತದ. ಸ್ಪಾರ್ಕ್ ಪ್ಲಗ್ ತಗದು ನೋಡಿದ್ರ ತುದಿ ಬೆಳ್ಳಗ ಸುಣ್ಣ ಬಳದಂಗ ಕಾಣ್ತದ. ಸರಿ ಇದ್ದ ಪ್ಲಗ್ ತುದಿ ಬಿಸ್ಕೀಟಿನ ಬಣ್ಣ ಇರ್ಬೇಕು. ನಿಂತಾಗ ಮಾತ್ರ ಕೆಮ್ಮೋದು ಯಾಕಂದ್ರ, ನಿಂತಾಗ ಇಂಜಿನ್ನಿಗ ಬೇಕಾಗೋ ಗಾಳಿ ಭಾಳ ಸ್ವಲ್ಪ. ಆ ಸ್ವಲ್ಪದಾಗ ಕಳ್ಳ ಗಾಳಿ ದೊಡ್ಡ ಪಾಲು ಆಗ್ತದ. ಓಡುವಾಗ ಗಾಳಿ ಭಾಳ ಬೇಕು, ಅದರಾಗ ಕಳ್ಳ ಗಾಳಿ ಲೆಕ್ಕಕ್ಕ ಬರೋದಿಲ್ಲ. ಮಜ್ಜಿಗಿ ಒಂದು ಲೋಟ ಇದ್ದಾಗ ಚಮಚ ಉಪ್ಪು ಬಿದ್ರೂ ಕುಡಿಯಾಕ ಆಗೋದಿಲ್ಲ, ಕೊಡಾ ತುಂಬ ಇದ್ದಾಗ ಬಿದ್ರ ಗೊತ್ತಾಗೋದಿಲ್ಲ, ಹಂಗ.

"ಬಿಚ್ಚೋಕಿಂತ ಮೊದಲು ಗಾಡಿ ಕೆಮ್ತಿದ್ದಿಲ್ಲ, ಹಂಗಾರ ಮ್ಯಾನಿಫೋಲ್ಡ್ ಛಲೋನೇ ಇತ್ತಲ್ಲ" ಅಂತ ಗಂಡಸರು ವಾದಾ ಮಾಡ್ತಾರ. ಇದು ಕೇಳೋಕ ಖರೇ ಅನಸ್ತದ. ಆದ್ರ ಹಳಿ ಗ್ಯಾಸ್ಕೆಟ್ ಮೂವತ್ತು ನಲವತ್ತು ವರ್ಷ ಅದೇ ಸೊಟ್ಟಕ್ಕ ಒತ್ತಿ ಒತ್ತಿ ಅದರ ಆಕಾರಾನೇ ತಗೊಂಡಿರ್ತದ. ಅದನ್ನ ಕಿತ್ತು ಹೊಸಾ ಚಪ್ಪಟಿ ಗ್ಯಾಸ್ಕೆಟ್ ಇಟ್ರ ಸೊಟ್ಟು ಇದ್ದಲ್ಲಿ ಸಂದು ಬೀಳ್ತದ. ಮತ್ತ ಹೊಸಾ ರಿಂಗು, ಹೊಸಾ ವಾಲ್ವ್ ಕುಂತ ಮ್ಯಾಲ ಇಂಜಿನ್ ಮೊದಲಿಗಿಂತ ಜೋರಾಗಿ ಎಳೀತದ. ಮುದುಕ ಎಳಿಯೋದಕ್ಕೂ ಹುಡುಗ ಎಳಿಯೋದಕ್ಕೂ ಫರಕ್ ಇಲ್ಲೇನು? ಇಂಜಿನ್ ಛಲೋ ಆದಷ್ಟೂ ಹಳಿ ನಳಿಗಿ ತೂತು ಎದ್ದು ಕಾಣ್ತದ. ಅದಕ್ಕೇ ನಾ ಹೇಳೋದು, ಇಂಜಿನ್ ಕಟ್ಟಿಸೋ ಹೊತ್ತೇ ಇದನ್ನ ನೋಡೋ ಹೊತ್ತು.

ಸೊಟ್ಟು ಯಾಕ ಆಗ್ತದ? ಪಾತ್ರಿ ತಿಕ್ಕೋರಿಗ ನಮಗ ಇದು ಲಗೂನ ತಿಳೀತದ. ಅಲ್ಯೂಮಿನಿಯಂ ಡಬರಿ ಕಾದಾಗ ಎಷ್ಟು ಹಿಗ್ತದೋ, ಬೀಡು ಕಬ್ಬಿಣದ ಹಂಚು ಅದರ ಅರ್ಧ ಹಿಗ್ತದ. 30 ಸೆಂಟಿಮೀಟರ್ ಉದ್ದದ ಎರಡು ತುಂಡು ತಗೊಂಡು 80 ಡಿಗ್ರಿ ಕಾಯಿಸಿದ್ರ ಅಲ್ಯೂಮಿನಿಯಂ ಅರ್ಧ ಮಿಲಿಮೀಟರಿಗಿಂತ ಜರಾ ಹೆಚ್ಚು ಬೆಳೀತದ, ಬೀಡು ಕಾಲು ಮಿಲಿಮೀಟರಿನಷ್ಟು. ಹಳಿ ಗಾಡಿಗೋಳಾಗ ಅಲ್ಯೂಮಿನಿಯಂ ಇನ್‌ಟೇಕ್ ಒಂದು ಕಡಿ ಬೀಡಿನ ಇಂಜಿನ್ನಿಗ ಬಿಗಿದಿರ್ತದ, ಬಾಜೂಕೇ ಬೆಂಕಿಯಂಥಾ ಹೊಗಿ ನಳಿಗಿ. ದಿನಾ ಕಾಯೋದು, ದಿನಾ ಆರೋದು. ನಟ್ ಒಂದು ಬಿಗಿ ಒಂದು ಸಡ್ಲ ಇದ್ರ ಇನ್ನಾ ಲಗೂ ಸೊಟ್ಟಾಗ್ತದ. ವರ್ಷಗಟ್ಲೆ ಮಳಿ ಥಂಡಿನಾಗ ನಿಂತ ಗಾಡಿನಾಗ ಒಳಗ ಬಿಳಿ ಪುಡಿ ಹಿಡದು ತಿಂದಿರ್ತದ.

ಪರೀಕ್ಷಾ ಕಠಿಣಿಲ್ಲ. ಮ್ಯಾನಿಫೋಲ್ಡಿನ ಮುಖ ತೊಳದು ಒರಸಿ ದಪ್ಪ ಗಾಜಿನ ಮ್ಯಾಲ ಇಲ್ಲಾ ಉಕ್ಕಿನ ಪಟ್ಟಿ ಹಿಡದು ನೋಡ್ಬೇಕು. ಮಿಸ್ತ್ರಿ ಹತ್ತಿರ ಫೀಲರ್ ಗೇಜ್ ಅಂತ ತೆಳ್ಳನ ಪಟ್ಟಿಗೋಳು ಇರ್ತಾವ. ಅದು ಇಲ್ಲದಿದ್ರ ಹುಡುಗುರ ನೋಟ್‌ಬುಕ್ಕಿನ ಒಂದು ಹಾಳಿ ಸಾಕು, ಅದರ ದಪ್ಪ 0.1 ಮಿಲಿಮೀಟರಿನ ಹತ್ತಿರ ಇರ್ತದ. ಗಾಜಿಗೂ ಮುಖಕ್ಕೂ ನಡಕ ಹಾಳಿ ಸರಾಗ ಹೋಯ್ತಂದ್ರ ಹಂಗೇ ಹಚ್ಚಿಸಬ್ಯಾಡ್ರಿ. ಬಿರುಕು ನೋಡೋದಕ್ಕ ಒಂದು ಬಾಯಿ ಬಂದ್ ಮಾಡಿ ಸೀಮಿಎಣ್ಣಿ ತುಂಬಿ ಹೊರಗ ಸುಣ್ಣದ ಪುಡಿ ಬಳದ್ರ ಬಿರುಕು ಇದ್ದಲ್ಲಿ ತೊಯ್ದ ಗೆರಿ ಕಾಣ್ತದ. ಇದು ಬಿಚ್ಚಿ ಹೊರಗ ಇಟ್ಟ ಸಾಮಾನಿಗ ಮಾತ್ರ, ಥಂಡಾ ಇದ್ದಾಗ ಮಾತ್ರ, ಬೆಂಕಿ ದೂರ ಇದ್ದಾಗ ಮಾತ್ರ. ಗಾಡಿ ಚಾಲೂ ಇಟ್ಟು ಊದಿನಕಡ್ಡಿ ಹೊಗಿ ಹಿಡದು ತೂತು ಹುಡುಕೋರು ಅದಾರ. ಪೆಟ್ರೋಲ್ ಬಾಜೂಕ ಊದಿನಕಡ್ಡಿ! ಅಂಥೋರನ್ನ ಅಂಗಳದಿಂದ ಹೊರಗ ಕಳಸ್ರಿ. ಚಾಲೂ ಇಂಜಿನ್ನಿನ ಸಂದಿಗ ಪಿಚಕಾರಿಲಿ ಜರಾ ನೀರು ಹೊಡದ್ರ ಸಾಕು. ಸಂದಿದ್ರ ನೀರು ಎಳ್ಕೊಂಡು ಇಂಜಿನ್ ಸಪ್ಪಳ ಬದಲಾಗ್ತದ.

ಇನ್ನ ಬದಲಿ ಮಾಡ್ಬೇಕೋ, ಹಳೇದೇ ತಿದ್ದಿಸ್ಬೇಕೋ? ಇದರಾಗ ನಾ ಹೊಸಾದರ ಪಕ್ಷಾನೂ ಅಲ್ಲ, ಹಳೇದರ ಪಕ್ಷಾನೂ ಅಲ್ಲ. ಸೊಟ್ಟು ಸ್ವಲ್ಪ ಇದ್ದು ಬಿರುಕು ಇಲ್ಲದಿದ್ರ ಮಷಿನ್ ಶಾಪಿನಾಗ ಮುಖ ಸಾಪ್ ಮಾಡಿಸ್ರಿ. ಬಿರುಕು ಬಿಟ್ಟಿದ್ರ, ತಿಂದಿದ್ರ, ಹಿಂದ ಯಾರರೆ ವೆಲ್ಡಿಂಗ್ ಮಾಡಿಸಿ ಮತ್ತ ಒಡದಿದ್ರ, ಬದಲಿ ಮಾಡಿಸ್ರಿ. ಸಿಲಿಕಾನ್ ಹಚ್ಚಿ ಸಂದು ಮುಚ್ತೀನಿ ಅಂದ್ರ ಒಪ್ಪಬ್ಯಾಡ್ರಿ. ಸಾದಾ ಸಿಲಿಕಾನ್ ಪೆಟ್ರೋಲಿಗ ತಡಿಯೋದಿಲ್ಲ, ಮೆತ್ತಗಾಗಿ ತುಂಡು ತುಂಡಾಗಿ ಒಳಗ ಹೋಗ್ತದ.

ಬದಲಿ ಸಾಮಾನು ಸಿಗ್ತದೇನು ಅಂದ್ರ, ಸಿಗ್ತದ. ಅಂಬಾಸಿಡರ್ ಕಾರ್ಖಾನಿ 2014ರ ಮೇ ತಿಂಗಳಾಗ ಬಂದ್ ಆಯ್ತು. ಆದ್ರ ಲಕ್ಷಗಟ್ಲೆ ಗಾಡಿ ಮಾಡಿದ್ದವು, ಒಡದ ಗಾಡಿಗೋಳ ಸಾಮಾನು ಇನ್ನಾ ತಿರುಗಾಡ್ಲತ್ತಾವ. ಬೆಂಗಳೂರಿನ ಜೆ.ಸಿ. ರೋಡು, ಚೆನ್ನೈದ ಪುದುಪೇಟೆ, ಕಲ್ಕತ್ತಾದ ಮಲ್ಲಿಕ್ ಬಜಾರ್ ಹಳಿ ಸಾಮಾನಿಗ ಹೆಸರಾದವು. ನಮಗ ಹತ್ತಿರ ಹೈದರಾಬಾದ. ಅಲ್ಲಿಗ ಹೋಗೋ ಹುಡುಗುಗ ಬರೀ ಹೆಸರು ಹೇಳಿ ಕಳಸಬ್ಯಾಡ್ರಿ, ಹಳಿ ಸಾಮಾನೇ ಚೀಲದಾಗ ಹಾಕಿ ಕಳಸ್ರಿ. ಯಾಕಂದ್ರ ಅಂಬಾಸಿಡರ್ ಒಳಗ ಪೆಟ್ರೋಲ್ ಬ್ಯಾರೆ, ಡೀಸೆಲ್ ಬ್ಯಾರೆ, 90ರ ದಶಕದಾಗ ಬಂದ ಇಸುಜು ಇಂಜಿನ್ ಬ್ಯಾರೆ. ಪೆಟ್ರೋಲಿನೊಳಗೂ ಕೆಲವಕ್ಕ ಎಸ್‌ಯು ಕಾರ್ಬುರೇಟರ್, ಕೆಲವಕ್ಕ ಸೋಲೆಕ್ಸ್. ಕಾರ್ಬುರೇಟರ್ ಕುಂಡ್ರೋ ಜಾಗ ಬ್ಯಾರೆ ಇದ್ರ ಕೂಡೋದಿಲ್ಲ. ಬ್ಲೌಸಿನ ಪೀಸಿಗ ಸೀರಿ ಒಯ್ದು ಬಣ್ಣ ಕೂಡಿಸಿ ತರ್ತೀವಲ್ಲ, ಹಂಗ ತರ್ಬೇಕು.

ಇನ್ನೊಂದು ಮಾತು ಭಾಳ ಮಂದಿ ಮಿಸ್ತ್ರಿಗೋಳಿಗೂ ಲಕ್ಷಕ್ಕ ಬರೋದಿಲ್ಲ. ಈ ಬಿ ಸರಣಿ ಇಂಜಿನ್ನಿನಾಗ ಇನ್‌ಟೇಕ್ ಮತ್ತ ಎಗ್ಜಾಸ್ಟ್ ಎರಡೂ ಮ್ಯಾನಿಫೋಲ್ಡ್ ಬಾಜೂ ಬಾಜೂ ಕುಂತು, ನಡುವಿನ ನಟ್ಟುಗೋಳ ಕೆಳಗಿನ ಒಂದೇ ದಪ್ಪ ವಾಷರ್ ಇಬ್ಬರನ್ನೂ ಒತ್ತಿ ಹಿಡೀತದ. ಒಂದರ ಅಂಚು ದಪ್ಪ, ಒಂದರ ಅಂಚು ತೆಳ್ಳಗ ಆದ್ರ ವಾಷರ್ ದಪ್ಪಂದನ್ನ ಅಷ್ಟೇ ಒತ್ತತದ, ತೆಳ್ಳಗಿಂದು ಸಡ್ಲ ಉಳೀತದ. ಅದಕ್ಕ ಇನ್‌ಟೇಕ್ ಒಂದೇ ಬದಲಿ ಮಾಡಿಸಿದ್ರೂ, ಒಂದೇ ಸಾಪ್ ಮಾಡಿಸಿದ್ರೂ, ಎರಡರ ಅಂಚಿನ ದಪ್ಪ ಅಳಿಸ್ರಿ. ಫರಕ್ ಇದ್ರ ಎರಡೂ ಜೋಡಿಸಿ ಒಂದೇ ಮಟ್ಟಕ್ಕ ತರಿಸ್ರಿ. ನಾ ಹೇಳಿದ ಆ ಮನಿ ಗಾಡಿಗ ಕಡೀಕ ಗುಣ ಬಂದದ್ದು ಹಿಂಗೇ. ಇನ್ನೊಂದು ಅಂಬಾಸಿಡರಿನ ಹಳಿ ಮ್ಯಾನಿಫೋಲ್ಡ್ ತಂದು, ಎರಡೂ ಒಂದೇ ಮಟ್ಟ ಮಾಡಿಸಿ, ಹೊಸಾ ಗ್ಯಾಸ್ಕೆಟ್ ಹಾಕಿದ ಮ್ಯಾಲ ಗಾಡಿ ನಿಂತಲ್ಲಿ ಮಿಷಿನ್ ಹೊಲದಂಗ ಒಂದೇ ಸಮ ನಡೀತು.

ಹಚ್ಚೋಕಿಂತ ಮೊದಲು ಒಳಗ ತೊಳಿಯೋದು ಮರೀಬಾರ್ದು. ಮಷಿನ್ ಶಾಪಿನ ಲೋಹದ ಪುಡಿ, ಹೊಸಾ ಎರಕದ ಮರಳು ಏನರೆ ಉಳಿದಿದ್ರ ಸೀದಾ ಹೊಸಾ ಸಿಲಿಂಡರ್ ಒಳಗ ಹೋಗ್ತದ. ಹೊಸಾ ಪಾತ್ರಿ ತೊಳೀದೆ ಯಾರರೆ ಅನ್ನ ಇಡ್ತಾರೇನು? ನಟ್ಟುಗೋಳು ನಡುವಿನಿಂದ ಶುರು ಮಾಡಿ ಅಂಚಿಗ ಬರ್ಬೇಕು, ಒಂದೇ ಸಲಕ್ಕ ಪೂರಾ ಬಿಗೀಬಾರ್ದು. ಗಾಡಿ ನಾಲ್ಕು ಸಲ ಕಾದು ಆರಿದ ಮ್ಯಾಲ ಮತ್ತೊಮ್ಮಿ ನೋಡ್ಬೇಕು. ಮನ್ಯಾಗ ಹುಡುಗುರು ಹಳಿ ಗ್ಯಾಸ್ಕೆಟ್ ಕೆರಿಯೋಕ ಕುಂತ್ರ ಒಣಾದು ಕೆರೀಬ್ಯಾಡ್ರಿ ಅಂತ ಹೇಳ್ರಿ. ಆ ಕಾಲದ ಗ್ಯಾಸ್ಕೆಟ್ಟಿನಾಗ ಆಸ್ಬೆಸ್ಟಾಸ್ ಇರ್ತಿತ್ತು, ಅದರ ಧೂಳು ಪುಪ್ಪುಸಕ್ಕ ಕೆಟ್ಟದ್ದು. ನೀರು ಹಾಕಿ ತೋಯಿಸಿ, ಬಾಯಿಗ ಮಾಸ್ಕ್ ಕಟ್ಕೊಂಡು, ಅಂಗಳದಾಗ ಮಾಡ್ಲಿ.

ಈಗಿನ ಪೆಟ್ರೋಲಿನ ಸಲುವಾಗಿನೂ ಈ ಮಾತು ಮೊದಲಿಗಿಂತ ದೊಡ್ಡದಾಗ್ಯದ. 2025ಕ್ಕ ಬರೋ ಹೊತ್ತಿಗ ನಮ್ಮ ಪಂಪುಗೋಳಾಗ ಸಿಗೋ ಪೆಟ್ರೋಲಿನಾಗ 20 ಪರ್ಸೆಂಟ್ ಎಥೆನಾಲ್ ಕೂಡ್ಯದ. ಕಬ್ಬಿನಿಂದ ಆಗೋ ಎಥೆನಾಲೂ ಅದರಾಗ ಅದ, ಕಬ್ಬು ಬೆಳಿಯೋ ನಮ್ಮ ಬೀದರ ರೈತರಿಗ ಅದು ಬ್ಯಾಡ ಅಂತ ನಾ ಅನ್ನೋದಿಲ್ಲ. ಆದ್ರ ಎಥೆನಾಲಿನಾಗ ಆಮ್ಲಜನಕ ತಾನೇ ಇರ್ತದ, ಅದಕ್ಕ ಹಳಿ ಕಾರ್ಬುರೇಟರ್ ಲೆಕ್ಕದಾಗ ಅದು ಗಾಳಿ ಹೆಚ್ಚು ಮಾಡಿದಂಗ. ಹೊಸಾ ಗಾಡಿಗೋಳಾಗ ಕಂಪ್ಯೂಟರ್ ಅದನ್ನ ತಾನೇ ಸರಿ ಮಾಡ್ಕೋತದ. 1489 ಸಿಸಿ ಅಂಬಾಸಿಡರಿಗ ಕಂಪ್ಯೂಟರ್ ಎಲ್ಲಿಂದ ಬರ್ಬೇಕು? ಪೆಟ್ರೋಲಿನಿಂದ ಜರಾ ಗಾಳಿ ಹೆಚ್ಚು, ಮ್ಯಾನಿಫೋಲ್ಡ್ ಸಂದಿನಿಂದ ಇನ್ನಾ ಜರಾ ಹೆಚ್ಚು, ಎರಡೂ ಕೂಡಿ ವಾಲ್ವ್ ಸುಡ್ತದ. ಮೊದಲಿನ ಕಾಲದಾಗ ನಡೀತಿದ್ದ ಸಣ್ಣ ಸಂದು ಈಗ ನಡಿಯೋದಿಲ್ಲ. ಎಥೆನಾಲ್ ಹಳಿ ರಬ್ಬರ್ ಪೈಪುಗೋಳನ್ನೂ ಮೆತ್ತಗ ಮಾಡ್ತದ, ಅವನ್ನೂ ಅದೇ ಹೊತ್ತಿಗ ಬದಲಿ ಮಾಡಿಸ್ರಿ.

"ಮೂಲ ಸಾಮಾನು ಬದಲಿ ಮಾಡಿದ್ರ ಗಾಡಿ ಕಿಮ್ಮತ್ತು ಹೋಗ್ತದ" ಅನ್ನೋರ ಮಾತಿನಾಗ ಅರ್ಥ ಅದ, ಅದನ್ನ ತಳ್ಳಿ ಹಾಕೋದಿಲ್ಲ. 2021ರಾಗ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೋಳ ನಿಯಮ ತಂದದ. 50 ವರ್ಷ ದಾಟಿದ, ಮೂಲ ರೂಪದಾಗೇ ಇದ್ದ, ಚಾಸಿ, ಬಾಡಿ, ಇಂಜಿನ್ ಭಾಳ ಬದಲಾಗದ ಗಾಡಿಗ ವಿಂಟೇಜ್ ಅಂತ ನೋಂದಣಿ ಸಿಗ್ತದ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೀತದ. ಆದ್ರ ಅಂಥಾ ಗಾಡಿ ದಿನಾ ಓಡಿಸೋಕ, ಬಾಡಿಗಿಗ ಬಿಡೋಕ ಬರೋದಿಲ್ಲ. ಅದಕ್ಕ ನಾ ಹೇಳೋದು, ಅದೇ ನಮೂನಿ, ಅದೇ ಕಾಲದ ಗಾಡಿಯಿಂದ ಬಂದ ಮ್ಯಾನಿಫೋಲ್ಡ್ ಹಾಕ್ರಿ, ಗಾಡಿ ಗಾಡಿಯಾಗೇ ಉಳೀತದ. ಬಿಚ್ಚಿದ ಹಳೇದನ್ನ ಭಂಗಾರಕ್ಕ ಕೊಡಬ್ಯಾಡ್ರಿ, ಎಣ್ಣಿ ಹಚ್ಚಿ ಗೋಣಿಚೀಲದಾಗ ಕಟ್ಟಿ ಅಟ್ಟದ ಮ್ಯಾಲ ಇಡ್ರಿ. ಎರಡು ಕಾರ್ಬುರೇಟರ್ ಕುಂಡ್ರೋ ಪಳಪಳ ಹೊಳಿಯೋ ಹೊಸಾ ಮ್ಯಾನಿಫೋಲ್ಡ್ ಹಾಕಸ್ತೀನಿ, ಗಾಡಿ ಕುದುರಿ ಹಂಗ ಓಡ್ತದ ಅನ್ನೋ ಹುಡುಗುರಿಗ ಮಾತ್ರ ಬ್ಯಾಡ ಅನ್ರಿ. ಎಂಜಿಎಕ್ಕ ಎರಡು ಕಾರ್ಬುರೇಟರ್ ಇದ್ದದ್ದು ಖರೇ, ಅದು ಎರಡು ಮಂದಿ ಕುಂಡ್ರೋ ಹಗುರ ಗಾಡಿ. ನಮ್ಮದು ಮದಿವಿ ದಿಬ್ಬಣ ಹೊರೋ ಗಾಡಿ. ಎರಡು ಕಾರ್ಬುರೇಟರ್ ಒಂದೇ ತಾಳಕ್ಕ ಕೂಡ್ಸೋ ಮಿಸ್ತ್ರಿ ಬ್ಯಾರೆ ಬೇಕು, ಪೆಟ್ರೋಲ್ ಬ್ಯಾರೆ. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು.

"ಅಷ್ಟೆಲ್ಲಾ ಯಾಕ, ಗುಜರಿಗ ಹಾಕ್ರಿ" ಅಂತಾನೂ ಕೆಲವ್ರು ಅಂತಾರ. ಅವ್ರ ಲೆಕ್ಕಾನೂ ಕೇಳ್ಬೇಕು. 15 ವರ್ಷ ದಾಟಿದ ಕಾರಿಗ ಐದೈದು ವರ್ಷಕ್ಕ ನೋಂದಣಿ ಹೊಸಾದು ಮಾಡಿಸ್ಬೇಕು. 2022ರ ಏಪ್ರಿಲ್ 1ರಿಂದ ಅದರ ಶುಲ್ಕ 600ರಿಂದ 5,000 ಆಯ್ತು. 2025ರ ಆಗಸ್ಟಿನಾಗ 20 ವರ್ಷ ದಾಟಿದ ಕಾರುಗೋಳಿಗ 10,000 ಮಾಡ್ಯಾರ. ವಿಮಾ, ಹೊಗಿ ಪರೀಕ್ಷಾ ಬ್ಯಾರೆ. ಇಷ್ಟು ಕೊಟ್ಟು ಇಟ್ಕೋಬೇಕೋ ಬ್ಯಾಡೋ ಅಂತ ಮನ್ಯಾಗ ಎಲ್ಲಾರೂ ಕುಂತು ಮಾತಾಡ್ರಿ. ಬ್ಯಾಡ ಅಂತ ಬಂದ್ರ ಅಳೋದು ಬ್ಯಾಡ, ಮಾರಿಬಿಡ್ರಿ. ಇಟ್ಕೋತೀವಿ ಅಂತ ಬಂದ್ರ ಸರಿಯಾಗಿ ಇಟ್ಕೋರಿ. ಧರ್ಮಸ್ಥಳಕ್ಕ ಹೋದವ್ರೆಲ್ಲಾ ಮಂಜೂಷಾ ಸಂಗ್ರಹಾಲಯದ ಹಳಿ ಕಾರುಗೋಳು ನೋಡಿ ಬಂದೀರಿ, ಹೈದರಾಬಾದದ ಚೌಮಹಲ್ಲಾ ಅರಮನಿನಾಗ ನಿಜಾಮರ 1912ರ ರೋಲ್ಸ್ ರಾಯ್ಸ್ ನೋಡಿದವ್ರೂ ಇದ್ದೀರಿ. ಹೊರಗಿನ ಹೊಳಪು ನೋಡಿ ನಾವು ಕಣ್ಣು ಅರಳಿಸ್ತೀವಿ. ಹೊಳಪಿಗ ಬಣ್ಣ ಸಾಕು, ಓಡೋದಕ್ಕ ಒಳಗಿನ ಸಾಮಾನು ನೋಡೋರು ಬೇಕು.

ನನ್ನ ಖರೇ ಸಿಟ್ಟು ಮ್ಯಾನಿಫೋಲ್ಡಿನ ಮ್ಯಾಲ ಅಲ್ಲ, ಲೆಕ್ಕ ಮಾಡೋ ಪದ್ಧತಿ ಮ್ಯಾಲ. ನಮ್ಮ ಮಂದಿ ಪಿಸ್ಟನ್ನಿಗ ಕೇಳಿದಷ್ಟು ಕೊಡ್ತಾರ, ಬಣ್ಣಕ್ಕ ಕೇಳಿದಷ್ಟು ಕೊಡ್ತಾರ, ಎತ್ತು ತಂದು ಹಗ್ಗಕ್ಕ ಚೌಕಾಸಿ ಮಾಡಿದಂಗ ಒಂದು ನಳಿಗಿಗ ಬಂದು ಕೈ ಹಿಡೀತಾರ. ಮಿಸ್ತ್ರಿನೂ ಗಿರಾಕಿ ಬೈತಾನ ಅಂತ ಹೇಳೋದಿಲ್ಲ. ಕೆಟ್ಟ ಮ್ಯಾಲ ಇಬ್ಬರೂ ಒಬ್ಬರ ಮ್ಯಾಲ ಒಬ್ಬರು ಹಾಕ್ತಾರ. ನಷ್ಟ ಮಾತ್ರ ಬಂಗಾರ ಕೊಟ್ಟ ಹೆಣ್ಮಗಳದು. ಆಕಿಗ "ನಿನಗೇನು ತಿಳೀತದ" ಅಂತಾರ. ಕೊಡುವಾಗ ಆಕಿ ಬೇಕು, ಕೇಳುವಾಗ ಬ್ಯಾಡ ಅಂದ್ರ ಯಾವ ನ್ಯಾಯ?

ಅದಕ್ಕ ರೊಕ್ಕ ಕೊಡೋಕಿಂತ ಮೊದಲು ಗ್ಯಾರೇಜಿಗ ನೀವೂ ಹೋಗ್ರಿ, ಇಲ್ಲಾ ಹೋಗೋರ ಕೈಯಾಗ ಚೀಟಿ ಬರದು ಕೊಡ್ರಿ. ಮ್ಯಾನಿಫೋಲ್ಡ್ ಗಾಜಿನ ಮ್ಯಾಲ ಇಟ್ಟು ನಮ್ಮ ಕಣ್ಣ ಮುಂದ ತೋರಿಸ್ತೀರೇನು ಅಂತ ಕೇಳ್ರಿ. ಸೊಟ್ಟಿದ್ರ ಸಾಪ್ ಮಾಡಿಸೋಕ ಎಷ್ಟು, ಬದಲಿ ಮಾಡೋಕ ಎಷ್ಟು, ಎರಡೂ ಬಿಲ್ಲಿನಾಗ ಬರೀರಿ ಅನ್ರಿ. ಎಗ್ಜಾಸ್ಟ್ ಅಂಚಿನ ಜೋಡಿ ದಪ್ಪ ಕೂಡ್ತದೋ ಇಲ್ಲೋ ಕೇಳ್ರಿ. ಗಾಡಿ ಒಯ್ಯೋ ದಿನ ವ್ಯಾಕ್ಯೂಮ್ ಗೇಜ್ ಹಚ್ಚಿ ತೋರಿಸ್ರಿ ಅನ್ರಿ. ಅದು ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೀತದ ಅಂತ ತೋರ್ಸೋ ಮುಳ್ಳಿನ ಗಡಿಯಾರ. ನಿಂತಲ್ಲಿ ಚಾಲೂ ಇಟ್ಟಾಗ ಸಮುದ್ರದ ಮಟ್ಟದ ಊರಾಗ 17ರಿಂದ 21 ಇಂಚು ತೋರಸ್ತದ. ಬೀದರ ಎರಡು ಸಾವಿರ ಅಡಿ ಎತ್ತರದಾಗ ಅದ, ಅದಕ್ಕ ಇಲ್ಲಿ ಸುಮಾರು ಎರಡು ಇಂಚು ಕಡಿಮಿ ಬಂದ್ರ ಅಂಜಬ್ಯಾಡ್ರಿ. ಮುಳ್ಳು ಒಂದೇ ಜಾಗಾದಾಗ ನಿಲ್ಲಬೇಕು. ಭಾಳ ಕೆಳಗ ಇದ್ರ, ಇಲ್ಲಾ ಅಲ್ಲಾಡ್ಲತ್ತದ ಅಂದ್ರ ರೊಕ್ಕ ಪೂರಾ ಕೊಡಬ್ಯಾಡ್ರಿ, ಎಲ್ಲಿ ತಪ್ಪ್ಯದ ಅಂತ ಹುಡುಕಿಸ್ರಿ.

ಛಲೋ ಮಿಸ್ತ್ರಿ ಈ ಮಾತಿಗ ಸಿಟ್ಟಾಗೋದಿಲ್ಲ. ಕೇಳೋರು ಇದ್ದಾರಂತ ಅವಗ ಖುಷೀನೇ ಆಗ್ತದ. ಸಿಟ್ಟಾದ್ರ ಬ್ಯಾರೆ ಗ್ಯಾರೇಜ್ ನೋಡ್ರಿ. ಬರೋ ಲಗ್ನದ ಸೀಜನ್ನಿಗ ಯಾರ ಮನ್ಯಾಗರೆ ಇಂಜಿನ್ ಬಿಚ್ಚಿಸೋ ವಿಚಾರ ಇದ್ರ ಈ ಚೀಟಿ ಮೊದಲೇ ಅವ್ರಿಗ ಮುಟ್ಟಿಸ್ರಿ, ಅಡ್ವಾನ್ಸ್ ಕೊಟ್ಟ ಮ್ಯಾಲ ಅಲ್ಲ.